ನೈಲ್ ನದಿಗೆ ಉಟ್ಟು ಹೋದದ್ದು

ನಾನು ಹುಟ್ಟು ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಕೈ ಎದೆಯ ಮೇಲೆ ಹೋಗುತ್ತದೆ. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಆಚೆ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಕೂಗಿದರೆ ಸಾಕು, ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಅದು ಹೊರಟುಬಿಟ್ಟರೆ ಎಂದು ಕಾಲು ತಣ್ಣಗಾಗುತ್ತದೆ. ಇಂಥವಳನ್ನು ಈಜಿಪ್ಟಿಗೆ ಕರೆದುಕೊಂಡು ಹೋಗಿ ನೈಲ್ ನದಿಯ ಮೇಲೆ ಹಡಗಿನಲ್ಲಿ ಕೂರಿಸುತ್ತೇನೆ ಎಂದು ನನ್ನ ನಾದಿನಿ ಹೇಳಿದಾಗ, ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು.

ನಾದಿನಿ ಎಂದರೆ ನಮ್ಮ ಯಜಮಾನರ ತಂಗಿ. ಬೇಲೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮನೆಗೆ ಬಂದರೆ ನಮಗೂ ಹೇಳುತ್ತಾಳೆ. ಅವಳಿಗೆ ತನ್ನ ಅಮ್ಮನನ್ನು, ಅಂದರೆ ನಮ್ಮ ಅತ್ತೆಯನ್ನು, ಒಮ್ಮೆಯಾದರೂ ವಿಮಾನ ಹತ್ತಿಸಬೇಕೆಂಬ ಹಟ. ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಯಜಮಾನರನ್ನು ಮಂಡಿಯಿಂದ ಎಬ್ಬಿಸುವುದಕ್ಕಿಂತ ಕಲ್ಲು ಬಸವಣ್ಣನನ್ನು ಎಬ್ಬಿಸುವುದು ಸುಲಭ. ಹಾಗಾಗಿ ಹೊರಟವರು ನಾವು ಮೂವರು ಹೆಂಗಸರು: ಕಾಶಿಗಿಂತ ಆಚೆ ನೋಡದ ಅತ್ತೆ, ಎಲ್ಲ ಗೊತ್ತಿರುವ ನಾದಿನಿ, ಪುಕ್ಕಲಿ ನಾನು.

ಹೋಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ತಡವಾದರೆ ಅವರಿಗೆ ಬೆವರು ಕಿತ್ತುಬರುತ್ತದೆ, ಮಾತು ತೊದಲುತ್ತದೆ. ಒಂದು ಸಲ ಹಿತ್ತಲ ಬಾಗಿಲಲ್ಲಿ ಬಿದ್ದೇ ಬಿಟ್ಟಿದ್ದರು. ಅವರ ಊಟದ ಹೊತ್ತು, ಮಾತ್ರೆಯ ಹೊತ್ತು ನನ್ನ ಮೈಯಲ್ಲಿ ಗಡಿಯಾರದ ಹಾಗೆ ಕೂತುಬಿಟ್ಟಿದೆ. ನಾದಿನಿಗೆ ಅದು ಕೂತಿಲ್ಲ. ಅವಳು ದೇವಸ್ಥಾನದ ಕಂಬದ ಕೆತ್ತನೆ ನೋಡುತ್ತಾ ನಿಂತರೆ ಅಮ್ಮ ಊಟ ಮಾಡಿದಳೋ ಇಲ್ಲವೋ ಕೇಳುವವರಿಲ್ಲ.

ಪ್ರವಾಸದವರು ಫೋನಿಗೆ ಸಂದೇಶ ಕಳಿಸಿದರು. ಅದು ಸಂಪ್ರದಾಯಸ್ಥರ ದೇಶ, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಮೈಗಂಟುವ ಬಟ್ಟೆ ಬೇಡ, ಕೊರಳು ಮುಚ್ಚಿದ್ದರೆ ಒಳ್ಳೆಯದು. ಓದಿ ನನಗೆ ನಗು ಬಂತು. ಸಂಪ್ರದಾಯಸ್ಥರ ದೇಶ ನೋಡಲು ವಿಮಾನ ಯಾಕೆ? ನಾನು ಮದುವೆಯಾಗಿ ಬಂದದ್ದೇ ಅಂಥ ದೇಶಕ್ಕೆ. ನಮ್ಮ ಮನೆಯಲ್ಲಿ ಸೊಸೆ ಚೂಡಿದಾರ ಹಾಕುವುದಿಲ್ಲ. ನೈಟಿ ಹಾಕಿದರೆ ಹೆಗಲ ಮೇಲೊಂದು ಟವೆಲ್ ಇರಬೇಕು, ಅದೂ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಮಠದಿಂದ ಗುರುಗಳು ಬಂದರೆ ಸೆರಗು ತಲೆಯ ಮೇಲೆ. ಇದನ್ನೆಲ್ಲ ಅತ್ತೆ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ, ಬರೀ ನೋಡಿದ್ದಾರೆ. ಅವರ ನೋಟಕ್ಕೆ ನಾನು ಈಗಲೂ ಹೆದರುತ್ತೇನೆ.

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ನಾದಿನಿ ಫೋನ್ ಮಾಡಿ, “ಅತ್ತಿಗೆ, ಸೀರೆ ನಡೆಯಲ್ಲ. ಸೊಂಟ ಕಾಣುತ್ತೆ, ಬೆನ್ನು ಕಾಣುತ್ತೆ” ಎಂದಳು.

“ಸೀರೆಯಲ್ಲಿ ಏನೇ ಕಾಣುತ್ತೆ?” ಎಂದು ಸಿಟ್ಟಿನಿಂದ ಫೋನಿಟ್ಟು ಕನ್ನಡಿಯ ಮುಂದೆ ಹೋಗಿ ನಿಂತೆ. ಕಾಣುತ್ತಿತ್ತು. ಇಷ್ಟು ವರ್ಷ ಮರ್ಯಾದಸ್ಥೆ ಎಂದುಕೊಂಡು ಮಂಡಿಯ ಮುಂದೆ, ಮಠದಲ್ಲಿ, ಮದುವೆಮನೆಗಳಲ್ಲಿ ಓಡಾಡಿದ್ದೆ. ಸೊಂಟ ಅಷ್ಟಗಲ ಬಯಲಲ್ಲೇ ಇತ್ತು. ಮೈಯೆಲ್ಲ ಜುಮ್ಮೆಂದಿತು. ನನ್ನ ತವರು ಹಳೇಬೀಡು. ಚಿಕ್ಕವರಿದ್ದಾಗ ದೇವಸ್ಥಾನ ನೋಡಲು ಬರುವ ಬಿಳಿ ಹೆಂಗಸರನ್ನು, ಅವರ ಚಡ್ಡಿಯನ್ನು, ಕೆಂಪಾದ ತೊಡೆಗಳನ್ನು ನಾವು ಗುಂಪು ಕಟ್ಟಿಕೊಂಡು ನಂದಿ ಮಂಟಪದವರೆಗೂ ಹಿಂಬಾಲಿಸಿ ನೋಡುತ್ತಿದ್ದೆವು. ಅವರು ನಗುತ್ತಿದ್ದರು, ನಾವು ಬಿಡುತ್ತಿರಲಿಲ್ಲ. ಈಗ ಯಾವುದೋ ಊರಿನ ಮಕ್ಕಳು ನನ್ನ ಹಿಂದೆ ಹಾಗೆ ಬರುತ್ತವೆ ಎನ್ನಿಸಿ ಅಂದು ರಾತ್ರಿ ಊಟ ಸೇರಲಿಲ್ಲ.

ನಾದಿನಿ ತಾಯಿಗೂ ನನಗೂ ಉದ್ದ ತೋಳಿನ, ಮೊಣಕಾಲು ದಾಟುವ ಕುರ್ತಾ, ಸಡಿಲ ಪೈಜಾಮ ತಂದಳು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ತಾಯಿ ಮಗಳ ಎಳೆದಾಟ ಶುರುವಾಯಿತು.

“ಅಮ್ಮ, ಮೈ ಮುಚ್ಚೋಕೆ ಇದಕ್ಕಿಂತ ಒಳ್ಳೇದು ಇಲ್ಲ.”

“ಮೈ ಮುಚ್ಚೋಕೆ ನಂಗೆ ಸೀರೆ ಐತೆ. ಸೆರಗು ಐತೆ. ನನ್ನ ಕಾಲಿಗೆ ಚೀಲ ಹಾಕಕ್ಕೆ ಬರಬ್ಯಾಡ.”

“ಅಲ್ಲಿ ಜನ ನೋಡ್ತಾರಮ್ಮ.”

“ಬೇಲೂರು ಗುಡಿ ಗೋಡೆ ಮ್ಯಾಲೆ ಅಷ್ಟು ಜನ ನಿಂತವ್ರೆ, ಅವ್ರನ್ನ ಯಾರೂ ನೋಡಲ್ವಾ? ಅವ್ರಿಗೆ ಮೊದ್ಲು ಉಡ್ಸು ಹೋಗು.”

ಕಡೆಗೆ ರಾಜಿಯಾಯಿತು. ಅತ್ತೆಗೆ ಸೀರೆಯೇ, ಆದರೆ ಒಳಗೆ ಕತ್ತು ಮುಚ್ಚುವ, ಮುಂಗೈವರೆಗೆ ತೋಳಿರುವ, ಸೊಂಟದ ಕೆಳಗೆ ಇಳಿಯುವ ರವಿಕೆ. ನನಗೆ ಕುರ್ತಾ, ಪೈಜಾಮ. ಅತ್ತೆಯ ಎದುರು ಮೊದಲ ಸಲ ಹಾಕಿಕೊಂಡು ಬಂದು ನಿಂತೆ. ಅವರು ಮೇಲಿಂದ ಕೆಳಗೆ ನೋಡಿ, “ದೊಗಳೆ ಆಯ್ತು. ಕಾಲಿಗೆ ಸಿಕ್ಕಂಡು ಬಿದ್ದೀಯ” ಎಂದರು, ಅಷ್ಟೆ. ನಾನು ಕಾಲ ಬಳಿ ಒಂದು ಮಡಿಕೆ ಹಾಕಿ ಹೊಲಿದುಕೊಂಡೆ.

ಇನ್ನು ಉಳಿದದ್ದು ಅತ್ತೆಯ ಕೊರಳಿನದು. ನಮ್ಮವರಲ್ಲಿ ಹಿರಿಯರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜೆ ಮಾಡುವವರೆಗೆ ನೀರು ಕೂಡ ಮುಟ್ಟುವುದಿಲ್ಲ. ನಾನು ಪೂಜೆಯ ಹೊತ್ತಿಗಷ್ಟೇ ಕಟ್ಟಿಕೊಳ್ಳುವವಳು. ನನ್ನದು ಮನೆಯ ದೇವರ ಗೂಡಿನಲ್ಲಿರುತ್ತದೆ. ಅತ್ತೆಯದು ಮಾತ್ರ ಅವರ ಮೈ ಬಿಟ್ಟು ಹೋದದ್ದನ್ನು ನಾನು ಕಂಡಿಲ್ಲ. ಅವರಿಗೆ ಮೂಗು, ಕಿವಿ ಇದ್ದ ಹಾಗೆ ಅದೂ ಇತ್ತು. ಏನೇನು ಉಡಬೇಕು ಎಂದು ವಾರಗಟ್ಟಲೆ ಜಗಳವಾಡಿದ ನಮಗೆ ಅದೊಂದು ಉಡುವ ವಸ್ತು ಎಂದು ಹೊಳೆದೇ ಇರಲಿಲ್ಲ.

ಹೊಳೆದದ್ದು ಯಗಚಿಯಲ್ಲಿ. ಹೊರಡುವ ಮೊದಲು ಅಮ್ಮನಿಗೆ ದೋಣಿ ಅಭ್ಯಾಸವಾಗಲಿ ಎಂದು ನಾದಿನಿ ನಮ್ಮನ್ನು ಬೇಲೂರಿಗೆ ಕರೆಸಿಕೊಂಡಳು. ಜಾವಗಲ್, ಹಳೇಬೀಡು ದಾಟಿ ಬಸ್ಸಿನಲ್ಲಿ ಹೋದೆವು. ಯಗಚಿ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ದೋಣಿ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳನ್ನು ತಲೆಯ ಮೇಲಿಂದ ತೊಡಿಸಿದರು. ನಾನು ಕಣ್ಣು ಮುಚ್ಚಿಕೊಂಡೇ ಹೋಗಿ ಕಣ್ಣು ಮುಚ್ಚಿಕೊಂಡೇ ಬಂದೆ. ನಡುವೆ ಒಮ್ಮೆ ಇಣುಕಿದರೆ ಅತ್ತೆ ಆರಾಮವಾಗಿ ಕೂತು ಕೈ ಆಡಿಸಿ ನೀರು ಚಿಮ್ಮಿಸುತ್ತಿದ್ದರು. ದಡ ಹತ್ತಿರ ಬಂತೆಂದು ಜಾಕೆಟ್ ತೆಗೆದರು ನೋಡಿ, ಅದರ ಜೊತೆ ಕೊರಳಿನ ದಾರವೂ ಎದ್ದು ಬಂತು. ಕರಡಿಗೆ ದೋಣಿಯ ಹಲಗೆ ಮೇಲೆ ಟಣ್ಣೆಂದು ಬಿದ್ದು ಅಂಚಿನವರೆಗೆ ಉರುಳಿತು.

ನಾದಿನಿ ಅದನ್ನು ಅದುಮಿ ಹಿಡಿದಳು. ಅತ್ತೆಯ ಮುಖ ಬಿಳುಚಿಕೊಂಡಿತ್ತು. ಅವರು ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ.

ದಡದಲ್ಲಿ ಕೂತು ನೀರು ಕುಡಿದ ಮೇಲೆ ಅವರು ಹೇಳಿದರು. “ನಮ್ಮತ್ತೆ ಕೆರೇಲಿ ಬಟ್ಟೆ ಒಗ್ಯೋವಾಗ ಲಿಂಗ ಕಳ್ಕಂಡ್ರು. ಮೂರು ಜನ ಮುಳುಗಿ ಹುಡುಕಿದ್ರೂ ಸಿಗಲಿಲ್ಲ. ಲಿಂಗ ಕಳ್ಕಂಡೋರು ಗುರುಗಳು ಮತ್ತೆ ಕೊಡೋವರ್ಗೂ ಅನ್ನ ಮುಟ್ಟಬಾರ್ದು. ಗುರುಗಳು ಎಲ್ಲೋ ದೂರ ಹೋಗಿದ್ರು. ಅವರು ಬರೋ ಹೊತ್ಗೆ ನಮ್ಮತ್ತೆ ಚಾಪೆ ಹಿಡ್ದಿದ್ರು. ಆಮೇಲೆ ಏಳಲೇ ಇಲ್ಲ.”

“ಅದೆಲ್ಲ ಹಳೇ ಕಾಲ ಅಮ್ಮ” ಎಂದಳು ನಾದಿನಿ.

“ನಾನೂ ಹಳೇ ಕಾಲದೋಳೇ ಕಣೇ” ಎಂದರು ಅತ್ತೆ.

ಅಲ್ಲಿಯವರೆಗೆ ನನ್ನ ಭಯಕ್ಕೆ ಊರೆಲ್ಲ ಮನೆ. ಅಂದಿನಿಂದ ಒಂದೇ ಮನೆಯಾಯಿತು. ಆ ಕರಡಿಗೆ ಪರದೇಶದ ನದಿಗೆ ಬಿದ್ದರೆ ಅತ್ತೆ ಅನ್ನ ಬಿಡುತ್ತಾರೆ. ಗುರುಗಳು ಇರುವುದು ಅರಸೀಕೆರೆಯ ಕಡೆ, ನಾವಿರುವುದು ಸಮುದ್ರದಾಚೆ. ಅನ್ನ ಬಿಟ್ಟು ಮಾತ್ರೆ ನುಂಗಿದರೆ ಅತ್ತೆ ಉಳಿಯುವುದಿಲ್ಲ, ಮಾತ್ರೆ ಬಿಟ್ಟರೂ ಉಳಿಯುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಹಳೇಬೀಡಿನಲ್ಲಿ ತವರಿನ ಬೀದಿ ಕಿಟಕಿಯಲ್ಲಿ ಹಾದುಹೋಯಿತು, ನಾನು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಹೊಸ ರವಿಕೆಯನ್ನು ಹೊಲಿಗೆ ಮಿಷನ್ನಿಗೆ ಹಾಕಿದೆ. ಎದೆಯ ಎಡಭಾಗದಲ್ಲಿ ಒಳಗಡೆ ಒಂದು ಜೇಬು. ಎರಡು ಸುತ್ತು ಹೊಲಿಗೆ, ಮೇಲೆ ಒತ್ತುಗುಂಡಿ, ಅದರ ಮೇಲೊಂದು ಮುಚ್ಚಳ. ಕರಡಿಗೆ ಒಳಗೆ ಕೂತರೆ ದಾರ ಕಿತ್ತರೂ ಬೀಳುವ ಹಾಗಿಲ್ಲ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, “ಹೊಕ್ಕಳಿಗಿಂತ ಮ್ಯಾಲೈತೆ ತಾನೆ?” ಲಿಂಗ ಹೊಕ್ಕುಳಿಗಿಂತ ಕೆಳಗೆ ಇಳಿಯಬಾರದು. ಮೇಲಿದೆ ಎಂದು ತೋರಿಸಿದೆ. ಅವರು ತೊಟ್ಟುಕೊಂಡು ಬಗ್ಗಿ ಎದ್ದು ನೋಡಿದರು. ಯಗಚಿಯ ಜಾಕೆಟ್ ಅಳತೆ ನನ್ನ ತಲೆಯಲ್ಲಿತ್ತು. ಅದರ ಪಟ್ಟಿ ಎಲ್ಲಿ ಬರುತ್ತದೆ, ಕೊಕ್ಕೆ ಎಲ್ಲಿ ಬರುತ್ತದೆ ಎಂದು ನೋಡಿಕೊಂಡೇ ಜೇಬು ಇಟ್ಟಿದ್ದೆ. ನದಿಗೊಂದು ಥರದ ಜಾಕೆಟ್ ಇರುತ್ತದೆ ಎಂಬ ಬುದ್ಧಿ ನನಗೆಲ್ಲಿ ಬರಬೇಕು?

ವಿಮಾನ ನಿಲ್ದಾಣದಲ್ಲಿ ನನ್ನ ಜೀವ ಅರ್ಧ ಹೋಯಿತು. ತಪಾಸಣೆಯ ಹುಡುಗಿಯ ಕೈಯ ಯಂತ್ರ ಅತ್ತೆಯ ಎದೆಯ ಬಳಿ ಕಿರುಗುಟ್ಟಿತು. ಬಟ್ಟೆಯ ಮೇಲಿಂದ ಮುಟ್ಟಿ ನೋಡಿ, ಗಟ್ಟಿ ಗಂಟು ಸಿಕ್ಕಿದ್ದೇ, ಪರದೆಯ ಹಿಂದೆ ಬನ್ನಿ ಎಂದಳು. ನಾನೂ ನುಗ್ಗಿದೆ. ಅತ್ತೆ ಅವಳ ಕೈಯನ್ನು ಮೆಲ್ಲಗೆ ಸರಿಸಿ, ತಾವೇ ಕರಡಿಗೆ ತೆಗೆದು, ಬಿಚ್ಚಿ, ಎಡ ಅಂಗೈ ಮೇಲಿಟ್ಟುಕೊಂಡು ತೋರಿಸಿದರು. “ನೋಡವ್ವ. ಮುಟ್ಬ್ಯಾಡ, ನೋಡು.” ಆ ಹುಡುಗಿ ನೋಡಿದಳು, ನಮ್ಮ ಕಡೆಯವಳೇ ಇರಬೇಕು, ಬೂಟು ಬಿಟ್ಟು ಹಿಂದೆ ಸರಿದು ಕೈ ಮುಗಿದಳು. ನಾನು ಅಲ್ಲೇ ಗೋಡೆಗೆ ಒರಗಿಕೊಂಡೆ.

ಇನ್ನು ಆಚೆ ದೇಶದಲ್ಲಿ ಯಾರು ಕೈ ಮುಗಿಯುತ್ತಾರೆ ಎಂದು ವಿಮಾನದುದ್ದಕ್ಕೂ ಹೆದರಿದೆ. ಅಲ್ಲಿ ತಪಾಸಣೆ ಮಾಡಿದ ಹೆಂಗಸು ತಲೆಗೆ ಕಪ್ಪು ಬಟ್ಟೆ ಸುತ್ತಿದ್ದಳು. ಕರಡಿಗೆ ನೋಡಿ, ಅತ್ತೆಯ ಹಣೆಯ ವಿಭೂತಿ ನೋಡಿ, ಏನೋ ಕೇಳಿದಳು. ನಾದಿನಿ “ಪ್ರಾರ್ಥನೆಯದು” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳು ತಲೆದೂಗಿ, ಅತ್ತೆಯ ಸೆರಗು ಜಾರಿದ್ದನ್ನು ತಾನೇ ಸರಿಮಾಡಿ ಕಳಿಸಿದಳು.

ಹಡಗು ಎಂದರೆ ನಮ್ಮ ಮಠದ ಯಾತ್ರಿ ನಿವಾಸವನ್ನು ನೀರಿನ ಮೇಲೆ ಇಟ್ಟಂತಿತ್ತು. ಮೂರು ಅಂತಸ್ತು, ಸಾಲು ಕೋಣೆ. ಮೊದಲ ದಿನವೇ ಮೇಲ್ಛಾವಣಿಗೆ ಹೋದೆವು. ಅಲ್ಲಿ ಒಂದು ಈಜುಕೊಳ, ಅದರ ಸುತ್ತ ಯಾವ್ಯಾವುದೋ ದೇಶದ ಹೆಂಗಸರು, ಕರವಸ್ತ್ರದಷ್ಟು ಬಟ್ಟೆಯಲ್ಲಿ ಬಿಸಿಲಿಗೆ ಮಲಗಿದ್ದರು. ಅತ್ತೆ ಸೆರಗು ಕಚ್ಚಿ ನಿಂತರು. “ಅಲ್ಲ ಕಣೇ, ಇದನ್ನ ನೋಡಕ್ಕಾ ನಂಗೆ ಕತ್ತು ಬಿಗ್ಯೋ ರವಿಕೆ ಹೊಲ್ಸಿದ್ದು?” ನಾದಿನಿ ಹಡಗಿನ ಒಳಗೆ ಹೇಗಿದ್ದರೂ ನಡೆಯುತ್ತದೆ, ಊರಿನೊಳಗೆ ಇಳಿದಾಗ ಮಾತ್ರ ಈ ನಿಯಮ ಎಂದು ವಿವರಿಸುತ್ತಿದ್ದಳು. ಅತ್ತೆ ಕೇಳಿಸಿಕೊಳ್ಳದೆ ಆ ಕಡೆಯೇ ನೋಡುತ್ತಿದ್ದರು.

ಊರಿನೊಳಗೆ ಇಳಿದಾಗ ಜನ ನೋಡಿದ್ದು ನಿಜ. ಆದರೆ ನೋಡಿದ್ದು ಅತ್ತೆಯನ್ನು, ನೋಡಿ ನಕ್ಕದ್ದು ಪ್ರೀತಿಯಿಂದ. ಸಂತೆಯಲ್ಲಿ ಒಬ್ಬ ಮುದುಕಿ ಬಂದು ಸೀರೆಯ ಅಂಚು ಹಿಡಿದು, ಇದು ಎಷ್ಟು ಉದ್ದ ಎಂದು ಸನ್ನೆಯಲ್ಲಿ ಕೇಳಿದಳು. ಅತ್ತೆ ಬೀದಿಯ ಆ ತುದಿಯವರೆಗೆ ಕೈ ತೋರಿಸಿದರು. ಇಬ್ಬರೂ ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ನಕ್ಕರು. ಗಂಡಸರು ಪಾದದವರೆಗೆ ಇಳಿಯುವ ನಿಲುವಂಗಿ ತೊಟ್ಟು ಓಡಾಡುವುದನ್ನು ನೋಡಿ ಅತ್ತೆಗೆ ಬಹಳ ಸಮಾಧಾನವಾಯಿತು. “ಇಲ್ಲಿ ಗಂಡಸ್ರೂ ಮೈತುಂಬ ಉಡ್ತಾರೆ. ಮರ್ವಾದೆ ಊರು.” ನನ್ನ ಪೈಜಾಮದ ಕಡೆ ಯಾರೂ ತಿರುಗಿ ನೋಡಲಿಲ್ಲ. ಅಷ್ಟೆಲ್ಲ ಹೆದರಿದವಳಿಗೆ ಸ್ವಲ್ಪ ಅವಮಾನವೇ ಆಯಿತು.

ಅತ್ತೆ ಬೆಳಿಗ್ಗೆ ಕೋಣೆಯ ಕಿಟಕಿಯ ಬಳಿ ಪೂಜೆ ಮಾಡುತ್ತಿದ್ದರು. ನದಿ ಹಿಂದಕ್ಕೆ ಸರಿಯುತ್ತಿತ್ತು. ಪೂಜೆ ಮುಗಿಸಿ ಕರಡಿಗೆಯನ್ನು ಜೇಬಿಗಿಳಿಸಿ ಅವರು ಗುಂಡಿ ಒತ್ತಿದ ಸದ್ದು ಕೇಳುವವರೆಗೆ ನನಗೆ ಉಸಿರಾಡಲು ಆಗುತ್ತಿರಲಿಲ್ಲ. ಆಮೇಲೆ ತಿಂಡಿ, ಮಾತ್ರೆ. ಅವರು ಅಲ್ಲಿಯ ರೊಟ್ಟಿಗೆ ನಮ್ಮ ಕೊಬ್ಬರಿ ಚಟ್ನಿಪುಡಿ ಹಚ್ಚಿಕೊಂಡು ಚೆನ್ನಾಗಿಯೇ ತಿನ್ನುತ್ತಿದ್ದರು. ದಿನ ಕಳೆದ ಹಾಗೆ ನನಗೂ ಧೈರ್ಯ ಬರತೊಡಗಿತು.

ಒಂದು ದಿನ ನಡುಗಡ್ಡೆಯ ಮೇಲಿನ ಹಳೆಯ ದೇವಸ್ಥಾನಕ್ಕೆ ಹೋಗಬೇಕಿತ್ತು. ಹಡಗು ಅಲ್ಲಿಗೆ ಹೋಗುವುದಿಲ್ಲ. ಕಲ್ಲಿನ ಮೆಟ್ಟಿಲು ಇಳಿದು ಮೋಟಾರು ದೋಣಿ ಹತ್ತಬೇಕು. ದಡದಲ್ಲೇ ಲೈಫ್ ಜಾಕೆಟ್ ಕೊಟ್ಟರು. ನೋಡಿದರೆ ಅದು ಯಗಚಿಯದರ ಹಾಗಿಲ್ಲ. ಎದೆಯ ಮೇಲೆ ಅಗಲವಾದ ಪಟ್ಟಿ, ಅದರ ದಪ್ಪ ಕೊಕ್ಕೆ ಸರಿಯಾಗಿ ನಾನು ಹೊಲಿದ ಜೇಬಿನ ಮೇಲೆ. ಬಿಗಿದ ಕೂಡಲೇ ಅತ್ತೆ ಮುಖ ಹಿಂಡಿದರು.

“ಕರಡಿಗೆ ಪಕ್ಕೆಲುಬಿಗೆ ಒತ್ತುತೈತೆ. ಉಸ್ರು ಕಟ್ತೈತೆ ಕಣೇ.”

ಜಾಕೆಟ್ ಬೇಡ ಎಂದೆ. ಮಾರ್ಗದರ್ಶಿ, ಅದಿಲ್ಲದೆ ದೋಣಿ ಹತ್ತಿಸುವುದಿಲ್ಲ ಎಂದ. ಹಾಗಾದರೆ ನಾವು ಹೋಗುವುದೇ ಬೇಡ ಎಂದೆ. ಅತ್ತೆಗೆ ಸಿಟ್ಟು ಬಂತು. “ಅಷ್ಟು ದೂರದಿಂದ ಬಂದು ದೇವಸ್ಥಾನದ ಬಾಗ್ಲಲ್ಲಿ ಕೂತ್ಕಳ್ಳಾ?” ಎಂದು, ಹಿಂದಕ್ಕೆ ತಿರುಗಿ, ರವಿಕೆಯೊಳಗಿಂದ ಕರಡಿಗೆ ತೆಗೆದರು. ಕೊರಳಿನ ದಾರವನ್ನೂ ಬಿಡಿಸಿ, ಅದನ್ನು ಎಡಗೈ ಬೆರಳಿಗೆ ಸುತ್ತಿ ಕರಡಿಗೆಯ ಮೇಲೆ ಮುಷ್ಟಿ ಕಟ್ಟಿದರು. “ಲಿಂಗಕ್ಕೆ ಎಡಗೈಯೇ ಪೀಠ. ಅಲ್ಲೇ ಇರ್ಲಿ.” ಆ ಮುಷ್ಟಿಯ ಮೇಲೆ ಬಲಗೈ ಮುಚ್ಚಿಕೊಂಡರು. ಬೇಡ ಎನ್ನಬೇಕೆನ್ನಿಸಿತು. ಆದರೆ ಅತ್ತೆಯ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ.

ಮೊದಲು ನಾದಿನಿ ಹತ್ತಿದಳು. ಆಮೇಲೆ ಅತ್ತೆ. ದೋಣಿಯವನು ಹಸ್ತ ಚಾಚಿದ, ಅವರು ಮೊಣಕೈ ಮಾತ್ರ ಕೊಟ್ಟು ಹತ್ತಿ ಅಂಚಿನ ಹಲಗೆಯ ಮೇಲೆ ಕೂತರು. ಕಡೆಯವಳು ನಾನು. ಎಡಗೈಯಲ್ಲಿ ಅಂದಿನ ಮಾತ್ರೆಯ ಚೀಲ, ಉಳಿದವು ಕೋಣೆಯಲ್ಲಿದ್ದವು. ದೋಣಿಯವನು ನನಗೂ ಕೈ ಚಾಚಿದ. ಅದನ್ನು ಹಿಡಿದಿದ್ದರೆ ಆಗುತ್ತಿತ್ತು. ಆದರೆ ಮೆಟ್ಟಿಲು ಇಳಿಯುವಾಗ, ಬಸ್ಸು ಹತ್ತುವಾಗ, ಕೆಸರು ದಾಟುವಾಗ ನಮ್ಮ ಹೆಂಗಸರ ಬಲಗೈ ಎಲ್ಲಿಗೆ ಹೋಗುತ್ತದೆ? ನೆರಿಗೆಗೆ. ಸೀರೆಯ ನೆರಿಗೆಯನ್ನು ಹಿಡಿಯಷ್ಟು ಎತ್ತಿಕೊಂಡೇ ಹೆಜ್ಜೆ ಇಡುವುದು. ನನ್ನ ಕೈಯೂ ಅಲ್ಲಿಗೇ ಹೋಯಿತು. ಕುರ್ತಾ ಪೈಜಾಮದಲ್ಲಿ ನೆರಿಗೆ ಎಲ್ಲಿದೆ? ಬೆರಳುಗಳು ಹೊಟ್ಟೆಯ ಮೇಲೆ ಬಟ್ಟೆ ಹುಡುಕುತ್ತಿರುವಾಗಲೇ ಹಿಂದಿನ ಕಾಲು ಪಾಚಿಯ ಮೇಲೆ ಜಾರಿತು.

ದೋಣಿಗೂ ಮೆಟ್ಟಿಲಿಗೂ ನಡುವಿನ ಸಂದಿಯಲ್ಲಿ ಬಿದ್ದೆ. ಜಾಕೆಟ್ ಮುಳುಗಲು ಬಿಡಲಿಲ್ಲ, ಆದರೆ ಕಾಲು ದೋಣಿಯ ಅಡಿಗೆ ಎಳೆದುಕೊಂಡು ಹೋಗುತ್ತಿತ್ತು. ನೀರು ಮಂಜಿನಂತೆ ತಣ್ಣಗಿತ್ತು. ಸರಿದು ಹೋಗಿದ್ದ ದೋಣಿ ಅಲೆಗೆ ಮತ್ತೆ ಕಲ್ಲಿನ ಕಡೆಗೆ ಬರುತ್ತಿರುವುದು ಕಾಣಿಸಿತು. ಅದರ ಮರದ ಹೊಟ್ಟೆ ನನ್ನ ಮುಖದ ಎದುರಿಗಿತ್ತು. ಇನ್ನೊಂದು ಉಸಿರಿನಲ್ಲಿ ಕಲ್ಲಿಗೂ ಮರಕ್ಕೂ ನಡುವೆ ನಾನು ಅರೆದುಹೋಗುತ್ತೇನೆ ಎಂದು ಸ್ಪಷ್ಟವಾಗಿ ತಿಳಿಯಿತು. ಜೀವಮಾನವೆಲ್ಲ ಹೆದರಿದ್ದೆನಲ್ಲ, ಅದು ಯಾವುದೂ ಭಯವಾಗಿರಲಿಲ್ಲ. ಭಯ ಎಂದರೆ ಇದು.

ಆಗ ನನ್ನ ಎರಡೂ ತೋಳುಗಳನ್ನು ಯಾರೋ ಹಿಡಿದರು. ಉಗುರು ಚರ್ಮಕ್ಕೆ ಇಳಿಯುವಷ್ಟು ಬಿಗಿಯಾಗಿ. ಮೇಲೆ ಅತ್ತೆಯ ಮುಖ, ಸೆರಗು ಬಿದ್ದು ಕೂದಲು ಕೆದರಿದ ಮುಖ. “ಬಿಡಬ್ಯಾಡ ಕಣೇ, ಬಿಡಬ್ಯಾಡ” ಎಂದು ಕೂಗುತ್ತಾ ಅವರು ಹಿಂದಕ್ಕೆ ವಾಲಿದರು. ಬಿಡಲು ನಾನೇನು ಹಿಡಿದಿದ್ದೆನೇ? ಹಿಡಿದಿದ್ದವರು ಅವರು. ಅಷ್ಟರಲ್ಲಿ ನಾದಿನಿ ಅತ್ತೆಯ ಸೊಂಟ ತಬ್ಬಿದಳು, ದೋಣಿಯವನು ಕಾಲಿನಿಂದ ಕಲ್ಲನ್ನು ಒದ್ದು ದೋಣಿಯನ್ನು ದೂರ ತಳ್ಳಿದ, ಎಲ್ಲರೂ ಸೇರಿ ನನ್ನನ್ನು ಎಳೆದು ಹಾಕಿದರು.

ನಾನು ದೋಣಿಯ ತಳದಲ್ಲಿ ಕೆಮ್ಮುತ್ತಾ ಬಿದ್ದಿದ್ದೆ. ಅತ್ತೆ ಇನ್ನೂ ನನ್ನ ತೋಳು ಬಿಟ್ಟಿರಲಿಲ್ಲ. ಎರಡೂ ಕೈಗಳು. ಎರಡೂ ಬರಿಗೈಗಳು. ಎಡಗೈ ಬೆರಳಿನ ಮೇಲೆ ದಾರ ಎಳೆದುಕೊಂಡು ಹೋದ ಕೆಂಪು ಗೆರೆ ಮಾತ್ರ ಇತ್ತು.

“ಅತ್ತೆ, ಕರಡಿಗೆ?” ಎಂದೆ.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ನೀರನ್ನು ನೋಡಿದರು. ದೋಣಿಯವನು ವಿಷಯ ತಿಳಿದು ಉದ್ದದ ಕೋಲು ಇಳಿಬಿಟ್ಟ. ಅದು ತಳ ಮುಟ್ಟಲಿಲ್ಲ. ಅವನು ನಮ್ಮ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಅತ್ತೆ, “ಸಾಕು, ಇವ್ಳು ನಡುಗ್ತಾವ್ಳೆ, ಹಡಗಿಗೆ ನಡೀರಿ” ಎಂದರು.

ಅಂದು ಆಮೇಲೆ ಅವರು ಏನೂ ತಿನ್ನಲಿಲ್ಲ. ಮಧ್ಯಾಹ್ನ ಹಸಿವಿಲ್ಲ ಎಂದರು. ಸಂಜೆಗೂ ಅದೇ ಮಾತು. ಮಾತ್ರೆಯನ್ನೂ ದೂರ ಸರಿಸಿ, ಒಂದು ಲೋಟ ಹಾಲು ಕುಡಿದು ಕಿಟಕಿಯ ಕಡೆ ಮುಖ ಮಾಡಿ ಮಲಗಿದರು. ನಾದಿನಿ ಅರಸೀಕೆರೆಗೆ ಫೋನ್ ಮಾಡಿ ಅಣ್ಣನನ್ನು ಮಠಕ್ಕೆ ಓಡಿಸಿದಳು. ಗುರುಗಳು, ಊಟ, ಪ್ರಸಾದ ಬಿಡಬೇಡಿ, ಬಂದ ಮೇಲೆ ಬೇರೆ ಲಿಂಗ ಕೊಡುತ್ತೇನೆ ಎಂದು ಹೇಳಿ ಕಳಿಸಿದರು. ಅದನ್ನು ಹೇಳಿದಾಗ ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾದಿನಿ ಅತ್ತಳು, ಬೈದಳು, ಮತ್ತೆ ಅತ್ತಳು. ನನಗೆ ಅಳಲೂ ಧೈರ್ಯವಿರಲಿಲ್ಲ. ಕೆರೆಯ ದಡದಲ್ಲಿ ಲಿಂಗ ಕಳೆದುಕೊಂಡ ಆ ಇನ್ನೊಬ್ಬ ಅತ್ತೆ, ನಾನು ಮುಖ ನೋಡದ ಆ ಹಿರಿಯಳು, ಕೋಣೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದ ಹಾಗಿತ್ತು. ನನ್ನನ್ನು ಹಿಡಿಯದಿದ್ದರೆ ಇವರ ಲಿಂಗ ಇವರ ಬಳಿ ಇರುತ್ತಿತ್ತು. ಇವರು ಹೋದರೆ ನಾನು ಅರಸೀಕೆರೆಯಲ್ಲಿ ಯಾವ ಮುಖ ಹೊತ್ತು ಇಳಿಯಲಿ? ಮುಖದ ಮಾತಿರಲಿ, ಇವರಿಲ್ಲದ ಮನೆಗೆ ನಾನು ಹೇಗೆ ಹೋಗಲಿ? ಅವರ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಬೆಳಗಾಗುವುದನ್ನು ಕಾದೆ.

ಬೆಳಿಗ್ಗೆ ಅವರು ಎದ್ದರು. ಎದ್ದಾಗ ಗೋಡೆ ಹಿಡಿದರು, ನಾನು ಹಿಡಿಯಲು ಹೋದರೆ ಬೇಡ ಎಂದರು. ಸ್ನಾನ ಮಾಡಿದರು. ಮಡಿಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಯಾವಾಗಿನಂತೆ ಕಿಟಕಿಯ ಬಳಿ ಕೂತರು. ಎಡಗೈಯನ್ನು ಎದೆಯ ಮುಂದೆ ತಂದು ಅಂಗೈ ತೆರೆದರು. ಅದರ ಮೇಲೆ ಏನೂ ಇರಲಿಲ್ಲ. ಆ ಬರಿ ಅಂಗೈಗೆ ನೀರು ಬಿಟ್ಟರು, ವಿಭೂತಿ ಹಚ್ಚಿದರು, ದೃಷ್ಟಿ ನೆಟ್ಟರು. ದಿನವೂ ಎಷ್ಟು ಹೊತ್ತು ಕೂರುತ್ತಿದ್ದರೋ ಅಷ್ಟೇ ಹೊತ್ತು ಕೂತರು. ನಾದಿನಿ ಬಾಗಿಲ ಬಳಿ ಮುಖ ಮುಚ್ಚಿಕೊಂಡು ನಿಂತಿದ್ದಳು. ನಾನು ಆ ಅಂಗೈಯನ್ನೇ ನೋಡುತ್ತಿದ್ದೆ. ಅಷ್ಟು ಭಯ ಹುಟ್ಟಿಸಿದ ಇನ್ನೊಂದನ್ನು ನಾನು ಕಂಡಿಲ್ಲ.

ಪೂಜೆ ಮುಗಿಸಿ ಎದ್ದು ಅತ್ತೆ, “ನಡೀರಿ ತಿಂಡಿಗೆ. ಮಾತ್ರೆ ತಗಂಡ್ಯಾ?” ಎಂದು ಕೇಳಿದರು.

ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. “ಅತ್ತೆ, ಲಿಂಗ ಕಳ್ಕೊಂಡೋರು ಅನ್ನ ಮುಟ್ಟಬಾರ್ದು ಅಂತ ನೀವೇ...”

ಅವರು ನಿಂತರು. ಆ ನೋಟ, ಮೊದಲ ದಿನದಿಂದ ನಾನು ಹೆದರುವ ನೋಟ, ನನ್ನ ಮುಖದ ಮೇಲೆ ನಿಂತಿತು.

“ಕಳ್ಕಂಡೋರು ಮುಟ್ಟಬಾರ್ದು. ನಾನೇನು ಕಳ್ಕಂಡಿಲ್ಲ. ನೆನ್ನೆಯೆಲ್ಲ ಅದ್ನೇ ಯೋಚ್ನೆ ಮಾಡ್ತಿದ್ದೆ. ಅದು ಜಾರಿ ಬೀಳಲಿಲ್ಲ ಕಣೇ, ನಾನೇ ಬಿಟ್ಟಿದ್ದು. ಒಂದ್ ಕೈಲಿ ಹಿಡ್ದಿದ್ರೆ ನೀನು ಮ್ಯಾಲೆ ಬತ್ತಿರ್ಲಿಲ್ಲ.”

ಹೇಳಿ ಮುಂದೆ ನಡೆದರು. ನಾನು ಹಿಂದೆ ಹೋದೆ. ಅವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು, ಅಗಿದರು, ನುಂಗಿದರು. ನಾನು ಎದುರಿಗೆ ಕೂತು ಗಟ್ಟಿಯಾಗಿ ಅಳತೊಡಗಿದೆ. ಸುತ್ತಲಿನ ಮೇಜಿನವರೆಲ್ಲ ತಿರುಗಿ ನೋಡಿದರು. ಅತ್ತೆ ನನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿ, “ಜನ ನೋಡ್ತಾವ್ರೆ, ಉಣ್ಣು” ಎಂದರು.